ಗೆರೆ ತುಂಬಿದ್ದರೂ ಕರೆ ತುಂಡಾಗುವುದೇಕೆ?

ಪ್ರಶ್ನೆ: ನಮ್ಮದು ಹಳೆಯ ಕಾಲದ ಮನೆ. ಫೈಬರ್ ಸಂಪರ್ಕದ ರೂಟರ್ ಜಗಲಿಯಲ್ಲಿದೆ. ಮಗಳು ಕಂಪನಿ ಕೆಲಸ ಮಾಡುವುದು ಹಿಂಬದಿಯ ಕೋಣೆಯಲ್ಲಿ. ನಡುವೆ ಮೂರು ಚಿರೆಕಲ್ಲಿನ ಗೋಡೆಗಳು. ಅಂಗಡಿಯವರ ಮಾತಿನಂತೆ ಎಕ್ಸ್‌ಟೆಂಡರ್ ತಂದು ಅವಳ ಕೋಣೆಯ ಪ್ಲಗ್ಗಿಗೇ ಸಿಕ್ಕಿಸಿದೆ. ಈಗ ಮೊಬೈಲಿನಲ್ಲಿ ವೈಫೈ ಗೆರೆಗಳೆಲ್ಲ ತುಂಬಿವೆ, ವಿಡಿಯೊ ಕರೆ ಮಾತ್ರ ತುಂಡು ತುಂಡು. ಹಳೆಯ ರೂಟರ್ ಒಂದು ಅಟ್ಟದಲ್ಲಿ ಬಿದ್ದಿದೆ. ಅದರಿಂದ ಏನಾದರೂ ಉಪಯೋಗವಿದೆಯೇ?
— ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಇದೆ. ಒಂದು ಉದ್ದದ ಕೇಬಲ್ ಕೊಂಡರೆ ಆ ಹಳೆಯ ರೂಟರೇ ಮಗಳ ಕೋಣೆಗೆ ಆ್ಯಕ್ಸೆಸ್ ಪಾಯಿಂಟ್ ಆಗುತ್ತದೆ. ಅದಕ್ಕೆ ಮೊದಲು ಗೆರೆಗಳ ವಿಷಯ.

ಮೊಬೈಲಿನ ಗೆರೆಗಳು ಹೇಳುವುದು ಮೊಬೈಲಿಗೂ ಅದರ ಹತ್ತಿರದ ಪೆಟ್ಟಿಗೆಗೂ ನಡುವಿನ ಸಂಬಂಧವನ್ನಷ್ಟೆ. ನಿಮ್ಮ ಎಕ್ಸ್‌ಟೆಂಡರ್ ಮಗಳ ಪಕ್ಕದಲ್ಲೇ ಇರುವುದರಿಂದ ಗೆರೆ ತುಂಬಿದೆ. ಆದರೆ ಅದು ಜಗಲಿಯ ರೂಟರಿನ ಜೊತೆ ಮಾತಾಡಬೇಕಾದದ್ದು ಅದೇ ಮೂರು ಗೋಡೆಗಳ ಆಚೆಯಿಂದ. ಸರಿಯಾಗಿ ಕೇಳಿಸಿಕೊಳ್ಳದವನು ಎಷ್ಟು ಗಟ್ಟಿಯಾಗಿ ಹೇಳಿದರೇನು? ಮೇಲಾಗಿ, ಅಗ್ಗದ ಎಕ್ಸ್‌ಟೆಂಡರುಗಳು ಒಂದೇ ಚಾನೆಲ್ಲಿನಲ್ಲಿ ಪಡೆದುಕೊಂಡು ಅದೇ ಚಾನೆಲ್ಲಿನಲ್ಲಿ ಮತ್ತೆ ಕಳಿಸುತ್ತವೆ. ವೇಗ ಅಲ್ಲೇ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ದಪ್ಪ ಗೋಡೆ ತಡೆಯುವುದೇ ಜಾಸ್ತಿ, ಮಳೆಗಾಲದಲ್ಲಿ ನೀರು ಹೀರಿಕೊಂಡ ಗೋಡೆ ಇನ್ನೂ ಜಾಸ್ತಿ. 5 ಗಿಗಾಹರ್ಟ್ಸ್ ಅಲೆಗಳು ವೇಗವಾದವು, ಗೋಡೆಗೆ ಸೋಲುವುದೂ ಅವೇ ಮೊದಲು.

ಹಾಗಾಗಿ ಗೋಡೆಗಳನ್ನು ದಾಟುವ ಕೆಲಸವನ್ನು ತಂತಿಗೆ ಬಿಟ್ಟು, ಕೋಣೆಯೊಳಗಿನ ಕೆಲಸವನ್ನಷ್ಟೇ ವೈಫೈಗೆ ಕೊಡಿ. ಮಾಡಿನ ಅಡಿಯಲ್ಲಿ, ಅಟ್ಟದ ಮೇಲೆ ಕ್ಯಾಟ್6 ಕೇಬಲ್ ಎಳೆಸಿ. 100 ಮೀಟರಿನವರೆಗೆ ಯಾವ ತೊಂದರೆಯೂ ಇಲ್ಲ. ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಎಂದು ಕೇಳಿ ಕೊಳ್ಳಿ; ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ಲೂ ಅದೇ ಬಣ್ಣದ ಸುರುಳಿಯಲ್ಲಿ ಮಾರಾಟವಾಗುತ್ತದೆ. ವಿದ್ಯುತ್ ವಯರಿನ ಪೈಪಿನೊಳಗೆ ಇದನ್ನು ತೂರಿಸಬೇಡಿ.

ಇನ್ನು ಹಳೆಯ ರೂಟರಿನ ಸೆಟ್ಟಿಂಗ್. ಅದನ್ನು ಮುಖ್ಯ ರೂಟರಿಗೆ ಈಗಲೇ ಜೋಡಿಸದೆ, ಲ್ಯಾಪ್‌ಟಾಪಿಗೆ ಮಾತ್ರ ಕೇಬಲ್ ಹಾಕಿ. ಹಿಂದಿನ ರೀಸೆಟ್ ಗುಂಡಿಯನ್ನು ಹತ್ತು ಸೆಕೆಂಡಿನಷ್ಟು ಒತ್ತಿಹಿಡಿದು ಹಳೆಯದನ್ನೆಲ್ಲ ಅಳಿಸಿ. ಅಡಿಭಾಗದ ಚೀಟಿಯಲ್ಲಿ 192.168.0.1 ಎಂಬಂಥ ವಿಳಾಸ ಇರುತ್ತದೆ. ಅದನ್ನು ಬ್ರೌಸರಿನಲ್ಲಿ ತೆರೆಯಿರಿ. ಮೆನುವಿನಲ್ಲಿ ‘ಆ್ಯಕ್ಸೆಸ್ ಪಾಯಿಂಟ್ ಮೋಡ್’ ಇದ್ದರೆ ಅದನ್ನು ಆರಿಸಿ, ಕೆಲಸ ಬಹುಪಾಲು ಮುಗಿಯಿತು.

ಇಲ್ಲದಿದ್ದರೆ ಕೈಯಾರೆ ಮೂರು ಬದಲಾವಣೆ ಮಾಡಬೇಕು. ಒಂದು, ಅದರ ಐಪಿ ವಿಳಾಸ: ಮುಖ್ಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಮುಖ್ಯ ರೂಟರ್ ಮೊಬೈಲುಗಳಿಗೆ ಹಂಚುವ ವಿಳಾಸಗಳ ಸಾಲಿನಲ್ಲಿ ಈ 2 ಬಾರದಂತೆ ಅಲ್ಲಿ ನೋಡಿಕೊಳ್ಳಿ. ಎರಡು, ಹೊಸ ವಿಳಾಸದಲ್ಲಿ ಮತ್ತೆ ಒಳಹೊಕ್ಕು ಡಿಎಚ್‌ಸಿಪಿ ಆಫ್ ಮಾಡಿ. ಮೂರು, ಜಗಲಿಯಿಂದ ಬಂದ ಕೇಬಲ್ಲನ್ನು ಇದರ ವ್ಯಾನ್ ಕಿಂಡಿಗಲ್ಲ, ಲ್ಯಾನ್ ಕಿಂಡಿಗೆ ಹಾಕಿ.

ಬಹಳ ಜನ ಎಡವುವುದು ಈ ಡಿಎಚ್‌ಸಿಪಿಯಲ್ಲಿ. ಮನೆಗೆ ಬಂದ ಪ್ರತಿ ಮೊಬೈಲಿಗೂ ಒಂದು ವಿಳಾಸ ಕೊಟ್ಟು, ಇಂಟರ್‌ನೆಟ್ಟಿಗೆ ಹೋಗುವ ದಾರಿ ತೋರಿಸುವ ಸೇವೆ ಅದು. ಎರಡು ಪೆಟ್ಟಿಗೆಗಳೂ ಆ ಕೆಲಸಕ್ಕೆ ನಿಂತರೆ, ಹಳೆಯ ರೂಟರಿನಿಂದ ವಿಳಾಸ ಪಡೆದ ಮೊಬೈಲ್ ಅದನ್ನೇ ದಾರಿ ಎಂದುಕೊಳ್ಳುತ್ತದೆ, ಅಲ್ಲಿ ದಾರಿಯಿಲ್ಲ. ‘ಕನೆಕ್ಟ್ ಆಗಿದೆ, ಇಂಟರ್‌ನೆಟ್ ಇಲ್ಲ’ ಎಂಬ ಸಾಲು ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ ಮೊದಲು ಇದನ್ನೇ ಶಂಕಿಸಿ. ವ್ಯಾನ್ ಕಿಂಡಿಗೆ ಹಾಕಿದರೂ ಇಂಟರ್‌ನೆಟ್ ಬರುವುದುಂಟು. ಆಗ ಮನೆಯೊಳಗೆ ಎರಡು ಬೇರೆ ಜಾಲಗಳಾಗಿ, ಜಗಲಿಯಲ್ಲಿರುವ ಮೊಬೈಲಿಗೆ ಹಿಂದಿನ ಕೋಣೆಯ ಪ್ರಿಂಟರ್ ಕಾಣುವುದಿಲ್ಲ.

ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಎರಡರಲ್ಲೂ ಒಂದೇ ಇರಲಿ. ಚಾನೆಲ್ ಮಾತ್ರ ಬೇರೆ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ಲುಗಳ ನಡುವೆ 5 ಮೆಗಾಹರ್ಟ್ಸ್ ಅಂತರವಷ್ಟೆ, ಒಂದೊಂದು ಸಂಪರ್ಕ ಹಿಡಿಯುವ ಅಗಲ ಸುಮಾರು 20. ಆದ್ದರಿಂದ ಒಂದರ ಮೇಲೊಂದು ಬೀಳದವು 1, 6, 11 ಮಾತ್ರ. ಜಗಲಿಯದಕ್ಕೆ 1, ಹಿಂದಿನದಕ್ಕೆ 11 ಕೊಡಿ, ಅಗಲ 20ರಲ್ಲೇ ಇರಲಿ. 5 ಗಿಗಾಹರ್ಟ್ಸ್ ಇದ್ದರೆ ಒಂದಕ್ಕೆ 36, ಇನ್ನೊಂದಕ್ಕೆ 149.

ಯಾವ ಪೆಟ್ಟಿಗೆಯನ್ನು ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಮೊಬೈಲೇ. ಹಿಂದಿನ ಕೋಣೆಗೆ ಬಂದರೂ ಅದು ಜಗಲಿಯದಕ್ಕೇ ಅಂಟಿಕೊಂಡಿದ್ದರೆ, ಜಗಲಿಯ ರೂಟರಿನ ಪ್ರಸಾರ ಶಕ್ತಿಯನ್ನು ಒಂದು ಹಂತ ಇಳಿಸಿ. ವಿಚಿತ್ರವೆನಿಸಿದರೂ ಇದು ಸರಿಯಾದ ಮದ್ದು. ರೂಟರ್ ಎಷ್ಟೇ ಜೋರಾಗಿ ಕಳಿಸಲಿ, ಮೊಬೈಲಿನ ಪುಟ್ಟ ಆಂಟೆನಾ ಅಷ್ಟೇ ಶಕ್ತಿಯಲ್ಲಿ ಉತ್ತರಿಸಲಾರದು. ವಿಡಿಯೊ ಕರೆಗೆ ಎರಡೂ ದಿಕ್ಕು ಬೇಕು.

ಭದ್ರತೆಗೆ ಡಬ್ಲ್ಯುಪಿಎ2 ಕನಿಷ್ಠ. 2018ರಲ್ಲಿ ಬಂದ ಡಬ್ಲ್ಯುಪಿಎ3 ಎರಡರಲ್ಲೂ ಇದ್ದರೆ ಅದನ್ನೇ ಹಾಕಿ. ಹಳೆಯದರಲ್ಲಿ ಡಬ್ಲ್ಯುಇಪಿ ಬಿಟ್ಟರೆ ಬೇರೆ ಇಲ್ಲವೆಂದರೆ ಆ ರೂಟರ್ ಅಟ್ಟಕ್ಕೇ ಮರಳಲಿ. ಡಬ್ಲ್ಯುಪಿಎಸ್ ಆಫ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಕರೆಂಟ್ ಹೋದಾಗಲೂ ಕೆಲಸ ನಡೆಯಬೇಕಿದ್ದರೆ ಎರಡೂ ಪೆಟ್ಟಿಗೆ ಇನ್ವರ್ಟರ್ ಲೈನಿನಲ್ಲಿರಲಿ. ಅಂಗಳ ದಾಟಿ ಕೊಟ್ಟಿಗೆಮನೆಗೋ ಹೊರಗಿನ ಕಟ್ಟಡಕ್ಕೋ ಒಯ್ಯುವುದಿದ್ದರೆ ತಾಮ್ರದ ಕೇಬಲ್ ಬೇಡ. ಅಡ್ಡಮಳೆಯ ಸಿಡಿಲು ಅದರ ಮೂಲಕವೇ ಒಳಬಂದು ಎರಡೂ ತುದಿಯ ಪೆಟ್ಟಿಗೆಗಳನ್ನು ಸುಡಬಲ್ಲದು. ಅಲ್ಲಿಗೆ ಲೋಹದ ತಂತಿಯಿಲ್ಲದ ಫೈಬರ್ ಒಳ್ಳೆಯದು.

ಎಲ್ಲ ಮುಗಿದ ಮೇಲೆ ಮಗಳ ಲ್ಯಾಪ್‌ಟಾಪಿಗೆ ಮೊದಲು ನೇರ ಕೇಬಲ್ ಹಾಕಿ ವೇಗ ಅಳೆಯಿರಿ, ಆಮೇಲೆ ಅದೇ ಜಾಗದಲ್ಲಿ ವೈಫೈಯಿಂದ. ಮೊಬೈಲಿನ ವೈಫೈ ಅನಲೈಸರ್ ಆ್ಯಪ್ ತೋರಿಸುವ ಅಂಕಿ ಮೈನಸ್ 67 ಡಿಬಿಎಂಗಿಂತ ಸೊನ್ನೆಯತ್ತ ಇದ್ದರೆ ಕರೆಗೆ ಸಾಕು. ಕೇಬಲ್ಲಿನಲ್ಲಿ ಚೆನ್ನಾಗಿದ್ದು ವೈಫೈಯಲ್ಲಿ ಕುಂಟಿದರೆ ಪೆಟ್ಟಿಗೆಯ ಜಾಗ ಅಥವಾ ಚಾನೆಲ್ ಬದಲಿಸಿ. ಕೇಬಲ್ಲಿನಲ್ಲೇ ಕುಂಟಿದರೆ ಅದೇ ಲ್ಯಾಪ್‌ಟಾಪನ್ನು ಜಗಲಿಯ ರೂಟರಿಗೆ ಹಾಕಿ ನೋಡಿ: ಅಲ್ಲಿ ಸರಿಯಿದ್ದರೆ ತಪ್ಪು ನೀವು ಎಳೆಸಿದ ಕೇಬಲ್ಲಿನದು ಅಥವಾ ಹಳೆಯ ರೂಟರಿನದು, ಅಲ್ಲೂ ಕುಂಟಿದರೆ ದೂರು ಕೊಡಬೇಕಾದದ್ದು ಸಂಪರ್ಕ ಕೊಟ್ಟವರಿಗೆ.