ಹಪ್ಪಳ ರುಚಿಯಾಗಿದೆ, ಗಿರಾಕಿಗಳಿಗೆ ತಿಳಿಸುವುದು ಹೇಗೆ?

ಪ್ರಶ್ನೆ: ಮನೆಯಲ್ಲೇ ಹಲಸಿನ ಹಪ್ಪಳ ಮಾಡಿ ಮಾರುತ್ತೇನೆ. ಪರಿಚಯದವರನ್ನು ಬಿಟ್ಟರೆ ಬೇರೆ ಗಿರಾಕಿಗಳಿಲ್ಲ. ಪ್ರಚಾರಕ್ಕೆಂದು 5,000 ರೂಪಾಯಿ ಕೂಡಿಟ್ಟಿದ್ದೇನೆ. ಹೇಗೆ ಬಳಸಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಈ ಹಣದಲ್ಲಿ ಬ್ಯಾನರ್ ಕಟ್ಟಿಸಬೇಡಿ. ಮೊದಲು ಪೊಟ್ಟಣ ಸರಿಪಡಿಸಿ. ಹೊಸಬರಿಗೆ ನಿಮ್ಮ ಕೈರುಚಿ ಗೊತ್ತಿಲ್ಲ, ಅವರು ನಂಬುವುದು ಲೇಬಲ್ಲನ್ನು. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇನ್ನೂ ಆಗಿಲ್ಲದಿದ್ದರೆ ತಕ್ಷಣ ಮಾಡಿಸಿ. ಅದರ 14 ಅಂಕಿಯ ಸಂಖ್ಯೆ, ಬಳಸಿದ ಪದಾರ್ಥಗಳು, ತೂಕ, ಬೆಲೆ, ತಯಾರಿಸಿದ ದಿನಾಂಕ, ಎಷ್ಟು ದಿನ ಬಾಳುತ್ತದೆ, ವಿಳಾಸ, ದೂರವಾಣಿ, ಸಸ್ಯಾಹಾರದ ಹಸಿರು ಗುರುತು ಲೇಬಲ್ಲಿನಲ್ಲಿ ಸ್ಪಷ್ಟವಾಗಿರಲಿ. ಹಣದ ಅರ್ಧದಷ್ಟು ಇದಕ್ಕೇ ಹೋದರೂ ಚಿಂತೆಯಿಲ್ಲ.

ಉಳಿದದ್ದರಲ್ಲಿ ನಾಲ್ಕೈದು ಹಪ್ಪಳಗಳ ಮಾದರಿ ಪೊಟ್ಟಣ ಮಾಡಿ ಊರಿನ ಕಿರಾಣಿ ಅಂಗಡಿ, ಹೋಮ್‌ಸ್ಟೇಗಳಿಗೆ ಕೊಡಿ. ಹಪ್ಪಳ ಬೇಸಿಗೆಯಲ್ಲಿ ಒಣಗಿದರೂ ಅದನ್ನು ಕರಿದು ತಿನ್ನುವ ಆಸೆ ಹೆಚ್ಚುವುದು ಮಳೆಗಾಲದಲ್ಲಿ. ಹಾಗಾಗಿ ಜೂನ್ ಹೊತ್ತಿಗೆ ಪ್ರಚಾರ ಜೋರಾಗಲಿ.

ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಮಾಡಲು ಖರ್ಚಿಲ್ಲ. ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆದು, ಬೆಲೆ ಮತ್ತು ಅಂಚೆವೆಚ್ಚವನ್ನು ಬಿಡಿಸಿ ಬರೆಯಿರಿ. ಬೆಲೆ ಮುಚ್ಚಿಟ್ಟರೆ ಕೊಳ್ಳುವವರು ಕೇಳಲು ಹಿಂಜರಿಯುತ್ತಾರೆ. ಬೆಂಗಳೂರಿನಲ್ಲಿರುವ ನಿಮ್ಮ ಕಡೆಯವರಿಗೆ ಊರಿನ ಹಪ್ಪಳವೆಂದರೆ ಪ್ರೀತಿ. ಮೊದಲು ಅವರನ್ನು ತಲುಪಿ.

ಪ್ರತಿ ಹೊಸ ಗಿರಾಕಿಯನ್ನೂ ‘ನಮ್ಮ ಬಗ್ಗೆ ಯಾರು ಹೇಳಿದರು?’ ಎಂದು ಕೇಳಿ ಬರೆದಿಡಿ. ಹೆಚ್ಚು ಜನ ಬಂದ ದಾರಿಗೇ ಮುಂದಿನ ಹಣ ಹಾಕಿ. ಧೈರ್ಯವಾಗಿ ಮುಂದುವರಿಯಿರಿ.