ಹಳೆಯ ಜೀಪಿಗೆ ಹೊಸ ಬಿಡಿಭಾಗ: ಕೊಳ್ಳುವ ಮುನ್ನ ನೋಡಬೇಕಾದ್ದು

ಮಳೆ ಹಿಂದೆಗೆದು ಅಡಿಕೆ ಕೊನೆ ಇಳಿಸುವ, ಕಾಫಿ ಹಣ್ಣು ಕುಯ್ಯುವ ಕಾಲ ಸಮೀಪಿಸಿತೆಂದರೆ ನಮ್ಮಲ್ಲಿ ಅನೇಕರಿಗೆ ಶೆಡ್ಡಿನ ಹಳೆಯ ಜೀಪಿನ ನೆನಪಾಗುತ್ತದೆ. ಗೊಬ್ಬರದ ಮೂಟೆ, ಔಷಧಿ ಡ್ರಮ್ಮು, ಕಣಕ್ಕೆ ಬರಬೇಕಾದ ಹಣ್ಣು, ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದ ಆಳುಮಕ್ಕಳು, ಎಲ್ಲವನ್ನೂ ಹೊತ್ತ ಗಾಡಿ ಅದು. ಹೊಸ ಪಿಕಪ್‌ಗಳು ಎಷ್ಟೇ ಬಂದಿದ್ದರೂ ತೋಟದೊಳಗಿನ ಕೆಸರಿನ ಏರಿಗೆ ಹಳೆಯದನ್ನೇ ನಂಬಿರುವ ಸಣ್ಣ ಬೆಳೆಗಾರರು ಇನ್ನೂ ಇದ್ದಾರೆ. ಅಂಥವರ ಸಲುವಾಗಿ ನಾವು ಹಣ ತೆತ್ತು ಕಲಿತ ಒಂದು ಪಾಠವನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮದು ಪೆಟ್ರೋಲ್ ಎಂಜಿನ್ನಿನ ಎತ್ತರ ಬಾನೆಟ್ಟಿನ ಜೀಪು. ಈ ಎಂಜಿನ್ ಅಮೆರಿಕದ ವಿಲ್ಲೀಸ್ ಕಂಪನಿಯ ಹರಿಕೇನ್ ಮಾದರಿಯದು. ನಾಲ್ಕು ಸಿಲಿಂಡರ್, 134 ಘನ ಅಂಗುಲ, ಅಂದರೆ ಸುಮಾರು 2,200 ಸಿಸಿ. ಗಾಳಿ ಮತ್ತು ಪೆಟ್ರೋಲ್ ಒಳಬರುವ ವಾಲ್ವು ಮೇಲೆ ಹೆಡ್ಡಿನಲ್ಲಿ, ಹೊಗೆ ಹೊರಹೋಗುವ ವಾಲ್ವು ಕೆಳಗೆ ಬ್ಲಾಕಿನಲ್ಲಿ ಇರುವುದು ಇದರ ವೈಶಿಷ್ಟ್ಯ. ಹೀಗಾಗಿ ಎಂಜಿನ್ನಿನ ಎತ್ತರ ಹೆಚ್ಚಿತು, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯವರು 1947ರಿಂದ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ತೊಡಗಿದರು. ಎತ್ತರ ಬಾನೆಟ್ಟಿನ ಮಾದರಿ ಅನಂತರ ದಶಕಗಳ ಕಾಲ ಇಲ್ಲಿ ತಯಾರಾಯಿತು.

ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಈ ಎಂಜಿನ್ನನ್ನು ಪೂರ್ತಿ ಬಿಚ್ಚಿಸಿದೆವು. ಬೋರ್ ಮಾಡಿಸಿ, ಬೇರಿಂಗ್ ಬದಲಿಸಿ, "ಎಲ್ಲ ಹೊಸದೇ ಇರಲಿ" ಎಂಬ ಹಮ್ಮಿನಲ್ಲಿ ಕ್ಯಾಮ್ ಶಾಫ್ಟ್ ಮತ್ತು ಟ್ಯಾಪೆಟ್‌ಗಳನ್ನೂ ಹೊಸದಾಗಿ ತಂದು ಹಾಕಿಸಿದೆವು. ಹಳೆಯ ಕ್ಯಾಮ್ ಶಾಫ್ಟನ್ನು ನಮ್ಮ ಮೇಸ್ತ್ರಿ ಬೆರಳಿನಿಂದ ಸವರಿ ನೋಡಿ, "ಇದಕ್ಕೇನೂ ಆಗಿಲ್ಲ, ಇಟ್ಟುಕೊಳ್ಳಿ" ಎಂದಿದ್ದರು. ನಾವು ಕೇಳಲಿಲ್ಲ. ಮುರುಕು ತಗಡು, ಸವೆದ ಪಲ್ಪರ್ ಭಾಗಗಳ ಜೊತೆಗೆ ಅದೂ ಗುಜರಿಯವನ ತಕ್ಕಡಿ ಸೇರಿತು. ತೂಕದ ಲೆಕ್ಕದಲ್ಲಿ ಅವನು ಕೊಟ್ಟದ್ದು ಒಂದು ಹೊತ್ತಿನ ಊಟದ ಖರ್ಚಿಗೂ ಸಾಲದಷ್ಟು.

ಎರಡು ಸಾವಿರ ಕಿಲೋಮೀಟರ್ ಓಡುವುದರೊಳಗೆ ಎಂಜಿನ್ ಟಕಟಕ ಎನ್ನತೊಡಗಿತು. ಟ್ಯಾಪೆಟ್ ಸಂದು ಸರಿಮಾಡಿಸಿದರೆ ನಾಲ್ಕು ದಿನ ಸುಮ್ಮನಿರುವುದು, ಮತ್ತೆ ಅದೇ ಸದ್ದು. ರೊಬಸ್ಟಾ ಕುಯ್ಲಿನ ನಡುವೆ ಏರು ಹತ್ತುವ ಶಕ್ತಿಯೂ ಹೋಯಿತು. ಬಿಚ್ಚಿದಾಗ ಕಂಡದ್ದು ಹೀಗೆ: ಎಂಟು ಟ್ಯಾಪೆಟ್‌ಗಳಲ್ಲಿ ಮೂರರ ಮುಖ ಗೆದ್ದಲು ತಿಂದ ಹಲಗೆಯಂತೆ ಗುಳಿಬಿದ್ದಿತ್ತು, ಅವುಗಳ ಎದುರಿನ ಕ್ಯಾಮ್ ಉಬ್ಬುಗಳು ಬೋಳಾಗಿದ್ದವು. ಅಷ್ಟಕ್ಕೇ ಮುಗಿಯಲಿಲ್ಲ. ಸವೆದ ಕಬ್ಬಿಣದ ಪುಡಿ ಎಣ್ಣೆಯೊಡನೆ ಹೋಗಿ ಹೊಸ ಬೇರಿಂಗುಗಳನ್ನೂ ಗೀರಿತ್ತು. ಈ ಎಂಜಿನ್ನಿನಲ್ಲಿ ಎಣ್ಣೆಯ ಒಂದು ಪಾಲು ಮಾತ್ರ ಒಮ್ಮೆಗೆ ಫಿಲ್ಟರಿನ ಮೂಲಕ ಹಾಯುತ್ತದೆ, ಉಳಿದದ್ದು ನೇರವಾಗಿ ಬೇರಿಂಗಿಗೇ ಹೋಗುತ್ತದೆ ಎಂಬುದನ್ನು ಗಮನಿಸಬೇಕು. ಆ ವರ್ಷದ ಉಳಿದ ಹಣ್ಣನ್ನೆಲ್ಲ ಬಾಡಿಗೆ ಗಾಡಿಯಲ್ಲಿ ಸಾಗಿಸಿದೆವು. ಕುಯ್ಲಿನ ದಿನಗಳಲ್ಲಿ ಬಾಡಿಗೆ ಗಾಡಿ ಎಂದರೇನೆಂದು ಓದುಗರಿಗೆ ಹೇಳಬೇಕಾದ್ದಿಲ್ಲ.

ಕಳಪೆ ಟ್ಯಾಪೆಟ್ ಇಷ್ಟು ಬೇಗ ಏಕೆ ಸಾಯುತ್ತದೆ? ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಕ್ಯಾಮ್ ಶಾಫ್ಟ್ ಅದರ ಅರ್ಧ, 1,000 ಸುತ್ತು ತಿರುಗುತ್ತದೆ. ಎಂದರೆ ಒಂದೊಂದು ಉಬ್ಬೂ ತನ್ನ ಟ್ಯಾಪೆಟ್ಟನ್ನು ಗಂಟೆಗೆ 60,000 ಸಲ, ಸ್ಪ್ರಿಂಗಿನ ಒತ್ತಡಕ್ಕೆ ಎದುರಾಗಿ ಎತ್ತಬೇಕು. ಎರಡೂ ಲೋಹಗಳು ತಾಗುವುದು ಒಂದು ಸಣ್ಣ ಗೆರೆಯಷ್ಟು ಜಾಗದಲ್ಲಿ. ಇದನ್ನು ತಾಳಿಕೊಳ್ಳಲು ಮುಖ ಬಹಳ ಗಟ್ಟಿಯಿರಬೇಕು. ಒಳ್ಳೆಯ ತಯಾರಕರು ಕಬ್ಬಿಣದ ಎರಕ ಹೊಯ್ಯುವಾಗ ಮುಖದ ಭಾಗವನ್ನು ತಣ್ಣನೆಯ ಲೋಹಕ್ಕೆ ತಾಗಿಸಿ ಬೇಗನೆ ಆರಿಸುತ್ತಾರೆ, ಇಲ್ಲವೆ ಅನಂತರ ಕಾಯಿಸಿ ಹದಗೊಳಿಸುತ್ತಾರೆ. ಈ ಒಂದು ಹೆಜ್ಜೆಯನ್ನು ಬಿಟ್ಟರೂ ಭಾಗದ ಹೊರನೋಟದಲ್ಲಿ ಯಾವ ವ್ಯತ್ಯಾಸವೂ ಕಾಣದು. ಅಳತೆಯೂ ಸರಿ, ಹೊಳಪೂ ಸರಿ. ನರ್ಸರಿಯಲ್ಲಿ ಬುಟ್ಟಿ ತುಂಬ ಹಸುರಾಗಿ ನಿಂತ ಸಸಿಯ ತಾಯಿಬೇರು ಒಳಗೆ ಮಡಿಚಿಕೊಂಡಿರುವಂತೆ ಇದು.

ಇನ್ನೊಂದು ವಿಷಯ ಬಹಳ ಮಂದಿಗೆ ತಿಳಿದಿಲ್ಲ. ಟ್ಯಾಪೆಟ್ ಮೇಲೆ ಕೆಳಗೆ ಹೋಗುವುದಷ್ಟೇ ಅಲ್ಲ, ತನ್ನ ರಂಧ್ರದಲ್ಲಿ ನಿಧಾನವಾಗಿ ಸುತ್ತಲೂ ಬೇಕು. ಸುತ್ತಿದರೆ ಸವೆತ ಮುಖದ ತುಂಬ ಹಂಚಿಹೋಗುತ್ತದೆ. ಇದಕ್ಕಾಗಿಯೇ ಅದನ್ನು ಉಬ್ಬಿನ ನಟ್ಟನಡುವೆ ಕೂರಿಸದೆ ಕೊಂಚ ಪಕ್ಕಕ್ಕೆ ಕೂರಿಸುತ್ತಾರೆ. ಹಲವು ಎಂಜಿನ್‌ಗಳಲ್ಲಿ ಅದರ ಮುಖಕ್ಕೆ ಕಣ್ಣಿಗೆ ಕಾಣದಷ್ಟು ಉಬ್ಬನ್ನೂ ಕೊಟ್ಟಿರುತ್ತಾರೆ. ರಂಧ್ರದಲ್ಲಿ ಬಿಗಿಯಾದರೆ ಅಥವಾ ಮುಖ ತಪ್ಪಾಗಿ ಅರೆಯಲ್ಪಟ್ಟಿದ್ದರೆ ಸುತ್ತುವುದು ನಿಲ್ಲುತ್ತದೆ. ಆಗ ಒಂದೇ ಗೆರೆಯಲ್ಲಿ ಉಜ್ಜಿ ಉಜ್ಜಿ ತೋಡು ಬೀಳುತ್ತದೆ. ಬಿಚ್ಚಿದ ಟ್ಯಾಪೆಟ್ಟಿನ ಮುಖದಲ್ಲಿ ದುಂಡನೆಯ ಉಂಗುರದಂಥ ಹೊಳಪಿದ್ದರೆ ಅದು ಸುತ್ತುತ್ತಿತ್ತು ಎಂದರ್ಥ. ನೇರ ಗೆರೆ ಕಂಡರೆ ಸುತ್ತುತ್ತಿರಲಿಲ್ಲ.

ಅಂಗಡಿಯವರನ್ನು ವಿಚಾರಿಸಿದಾಗ ಅವರು ಎಣ್ಣೆಯನ್ನು ದೂರಿದರು. ಇದರಲ್ಲಿ ಅರ್ಧ ಸತ್ಯವಿದೆ. ಲೋಹದ ಮೇಲೆ ರಕ್ಷಣೆಯ ಪದರ ಕಟ್ಟುವ ಸತು ಮತ್ತು ರಂಜಕದ ಮಿಶ್ರಣವೊಂದನ್ನು ಎಂಜಿನ್ ಎಣ್ಣೆಗೆ ಸೇರಿಸುತ್ತಾರೆ. ಹೊಸ ಕಾರುಗಳ ಹೊಗೆ ಶುದ್ಧಿಯ ಸಾಧನ ಅದರಿಂದ ಕೆಡುತ್ತದೆಂದು 2004ರ ಎಸ್‌ಎಂ ದರ್ಜೆಯಿಂದೀಚೆಗೆ ತೆಳು ಎಣ್ಣೆಗಳಲ್ಲಿ ರಂಜಕಕ್ಕೆ ಶೇಕಡ 0.08ರ ಮಿತಿ ಬಂತು. ಆದರೆ ನಾವು ಜೀಪಿಗೆ ಹಾಕುವ 20ಡಬ್ಲ್ಯು-40ರಂಥ ದಪ್ಪ ಎಣ್ಣೆಗೆ ಆ ಮಿತಿ ಅನ್ವಯಿಸುವುದಿಲ್ಲ. ಅದೇ ಎಣ್ಣೆಯಲ್ಲೇ ಹಳೆಯ ಕ್ಯಾಮ್ ವರ್ಷಗಟ್ಟಲೆ ಓಡಿತ್ತಲ್ಲ! ಹಾಗೆಂದು ನಮ್ಮ ತಪ್ಪೂ ಇಲ್ಲದಿಲ್ಲ. ಹೊಸ ಎಂಜಿನ್ ಶುರುವಾದ ಖುಷಿಯಲ್ಲಿ ಅದನ್ನು ಅರ್ಧ ಗಂಟೆ ನಿಧಾನಗತಿಯಲ್ಲಿ ಬಿಟ್ಟು, ಬಂದವರಿಗೆಲ್ಲ ಸದ್ದು ಕೇಳಿಸಿದೆವು. ಮಾಡಬಾರದ್ದೇ ಅದು. ಹೊಸ ಕ್ಯಾಮ್ ಹಾಕಿದಾಗ ಉಬ್ಬುಗಳಿಗೂ ಟ್ಯಾಪೆಟ್ ಮುಖಗಳಿಗೂ ಜೋಡಣೆಯ ದಪ್ಪ ಲೇಪ ಸವರಿ, ಶುರುವಾದ ಕೂಡಲೇ ಸುಮಾರು 2,000 ಸುತ್ತಿಗೆ ಏರಿಸಿ ಇಪ್ಪತ್ತು ನಿಮಿಷ ಅಲ್ಲೇ ಓಡಿಸಬೇಕು. ಕ್ಯಾಮ್ ಉಬ್ಬುಗಳಿಗೆ ಎಣ್ಣೆ ಬಹುಪಾಲು ಸಿಡಿತದಿಂದ ಬರುವುದರಿಂದ ನಿಧಾನಗತಿಯಲ್ಲಿ ಅದು ಸಾಲದಾಗುತ್ತದೆ.

ಕೊಳ್ಳುವಾಗ ಮಾಡಬಹುದಾದ ಪರೀಕ್ಷೆ ಸರಳವಾದದ್ದು. ಒಂದು ಸಣ್ಣ ಹಲ್ಲಿನ ಅರವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯವರ ಒಪ್ಪಿಗೆ ಪಡೆದು, ಟ್ಯಾಪೆಟ್ ಮುಖದ ಅಂಚಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಗಟ್ಟಿಯಾದದ್ದರ ಮೇಲೆ ಅರ ಗಾಜಿನ ಮೇಲಿನಂತೆ ಜಾರುತ್ತದೆ, ಮೆದುವಾದದ್ದನ್ನು ಕಚ್ಚುತ್ತದೆ. ನಡುಮುಖಕ್ಕೆ ಮಾತ್ರ ಅರ ತಾಗಿಸಬಾರದು. ಒಪ್ಪದ ಅಂಗಡಿಯವರೂ ಇದ್ದಾರೆ, ಅಲ್ಲಿ ಕೊಳ್ಳದಿದ್ದರಾಯಿತು. ಮನೆಗೆ ತಂದ ಮೇಲೆ ಎಣ್ಣೆ ಸವರಿ ರಂಧ್ರದಲ್ಲಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಇಳಿಯಬೇಕು, ಬೆರಳಿನಿಂದ ಸಲೀಸಾಗಿ ಸುತ್ತಬೇಕು. ಹಳೆಯ ಟ್ಯಾಪೆಟ್‌ಗಳನ್ನು ಹೊಸ ಕ್ಯಾಮಿನ ಮೇಲೆ ಎಂದಿಗೂ ಹಾಕಬಾರದು. ಹಳೆಯ ಕ್ಯಾಮಿಗೆ ಹಳೆಯವನ್ನೇ ಹಾಕುವುದಾದರೆ ಯಾವುದು ಎಲ್ಲಿತ್ತೋ ಅಲ್ಲಿಗೇ ಹೋಗಬೇಕು.

ಓಡುವ ಗಾಡಿಯಲ್ಲೂ ರೋಗವನ್ನು ಮೊದಲೇ ಹಿಡಿಯಬಹುದು. ಈ ಎಂಜಿನ್ನಿನ ವಾಲ್ವ್ ಸಂದು, ಎಂಜಿನ್ ತಣ್ಣಗಿದ್ದಾಗ, ಮೇಲಿನ ವಾಲ್ವಿಗೆ 0.018 ಅಂಗುಲ, ಕೆಳಗಿನ ಹೊಗೆ ವಾಲ್ವಿಗೆ 0.016 ಅಂಗುಲ. ಅಳೆದಾಗಲೆಲ್ಲ ಎಂಟರ ಅಂಕಿಯನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಒಂದೇ ಸಂದು ಪ್ರತಿ ಸಲವೂ ಹೆಚ್ಚುತ್ತಾ ಹೋದರೆ ಅಲ್ಲಿ ಕ್ಯಾಮ್ ಅಥವಾ ಟ್ಯಾಪೆಟ್ ಸವೆಯುತ್ತಿದೆ ಎಂದು ಅನುಮಾನಿಸಲೇಬೇಕು. ಸದ್ದು ಅಡಗಿಸಲು ಸಂದನ್ನು ಬಿಗಿ ಮಾಡುತ್ತಾ ಹೋದದ್ದೇ ನಮ್ಮ ಬೇರಿಂಗುಗಳನ್ನು ಕೊಂದದ್ದು. ಬಿಟ್ಟ ಎಣ್ಣೆಯನ್ನು ಬಿಳಿಯ ಬೋಗುಣಿಯಲ್ಲಿ ಹಿಡಿದು ಅಯಸ್ಕಾಂತ ಆಡಿಸಿದರೂ ಕಬ್ಬಿಣದ ಪುಡಿ ಮೀಸೆಯಂತೆ ಅಂಟಿಕೊಂಡು ವಿಷಯ ತಿಳಿಸುತ್ತದೆ.

ಕಿಡಿಯ ಭಾಗಗಳಲ್ಲಿ ಮೋಸ ಇನ್ನೂ ಹೆಚ್ಚು, ಆದರೆ ನಷ್ಟ ಕಡಿಮೆ. ಹೊಸ ಕಂಡೆನ್ಸರ್ ತಣ್ಣಗಿದ್ದಾಗ ಸರಿಯಾಗಿದ್ದು, ಎಂಜಿನ್ ಕಾದಾಗ ಕೈಕೊಡುವುದು ಸಾಮಾನ್ಯ. ಗಾಡಿ ಘಾಟಿಯಲ್ಲಿ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಹೊರಡುತ್ತದೆ. ಒಳಗಿನ ಹಾಳೆಯ ಸುರುಳಿಗೂ ತಂತಿಗೂ ಬೆಸುಗೆಯಿಲ್ಲದೆ ಬರೀ ಒತ್ತಿ ಇಟ್ಟಿರುವುದು ಇದಕ್ಕೆ ಒಂದು ಕಾರಣ. ಇದರ ಧಾರಣೆ ಸುಮಾರು 0.2 ಮೈಕ್ರೋಫ್ಯಾರಡ್ ಇರಬೇಕು. ಮೀಟರ್ ಇದ್ದವರು ಬಿಸಿನೀರಿನ ಚೊಂಬಿಗೆ ಒರಗಿಸಿಟ್ಟು ಕಾದ ಮೇಲೆ ಅಳೆಯಬೇಕು, ತಣ್ಣಗಿದ್ದಾಗ ಅಳೆದರೆ ಪ್ರಯೋಜನವಿಲ್ಲ. ಪಾಯಿಂಟ್ ಸೆಟ್ಟಿನ ಹಿಮ್ಮಡಿ ಮೆತ್ತನೆಯದಾದರೆ ಬೇಗ ಸವೆದು ಸಂದು ಮುಚ್ಚಿಕೊಳ್ಳುತ್ತದೆ, ಕಿಡಿ ತಡವಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಚಿಟಿಕೆ ಗ್ರೀಸು ಸವರಿದರೆ ಬಾಳಿಕೆ ಹೆಚ್ಚುತ್ತದೆ. ರೋಟರ್ ಕೈಯ ಹಿತ್ತಾಳೆಯನ್ನು ಹಿಡಿದ ರಿವೆಟ್ ಆಳಕ್ಕೆ ಹೋಗಿದ್ದರೆ ಕಿಡಿ ಅದರ ಮೂಲಕ ಶಾಫ್ಟಿಗೆ ಹಾರಿಹೋಗಿ ಪ್ಲಗ್ಗಿಗೆ ತಲಪುವುದೇ ಇಲ್ಲ.

ಪೆಟ್ರೋಲ್ ಪಂಪಿನ ಪೊರೆಯ ಬಗ್ಗೆ ಎರಡು ಮಾತು. ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಹಳೆಯ ರಬ್ಬರು ಇದಕ್ಕೆ ಒಗ್ಗಿದ್ದಲ್ಲ. ಪೊರೆ ಹರಿದರೆ ಪೆಟ್ರೋಲ್ ಎಂಜಿನ್ ಎಣ್ಣೆಗೆ ಇಳಿದು ಅದನ್ನು ನೀರಾಗಿಸುತ್ತದೆ. ವಾರಕ್ಕೊಮ್ಮೆ ಎಣ್ಣೆ ಕಡ್ಡಿ ಎಳೆದು ಮೂಸಿ ನೋಡಿ. ಎಣ್ಣೆಯ ಮಟ್ಟ ತಾನಾಗಿ ಏರಿದ್ದರೆ ಸಂತೋಷಪಡಬೇಡಿ, ಗಾಡಿ ನಿಲ್ಲಿಸಿ.

ಪದ್ಮಿನಿ ಕಾರಿನ ತಯಾರಿಕೆ 2001ರ ಹೊತ್ತಿಗೆ, ಅಂಬಾಸಿಡರಿನದು 2014ರಲ್ಲಿ ನಿಂತುಹೋಯಿತು. ತಯಾರಕರು ಇದ್ದ ಕಾಲದಲ್ಲಿ ಅವರ ಮುದ್ರೆಯ ಭಾಗಕ್ಕೆ ಅವರೇ ಹೊಣೆ. ಈಗ ಹಳೆಯ ಗಾಡಿಗಳ ಭಾಗ ಯಾರು ಮಾಡಿದರೂ ಡಬ್ಬದ ಮೇಲಿನ ಹೆಸರು ಒಂದೇ ರೀತಿ ಹೊಳೆಯುತ್ತದೆ. ಆದ್ದರಿಂದ ಬಿಚ್ಚಿದ ಹಳೆಯ ಭಾಗವನ್ನು ಮೇಸ್ತ್ರಿಯ ಶೆಡ್ಡಿನಲ್ಲಿ ಬಿಟ್ಟು ಬರಬೇಡಿ. ಕೊಂಚ ಸವೆದ ಕ್ಯಾಮನ್ನು ಅರೆದು ಸರಿಪಡಿಸುವ ಕಾರ್ಖಾನೆಗಳಿವೆ. ಅಸಲಿ ರೋಟರ್, ಕಂಡೆನ್ಸರ್ ಚೆನ್ನಾಗಿದ್ದರೆ ಟೂಲ್ ಡಬ್ಬದಲ್ಲಿ ಇರಲಿ.

ನಮ್ಮ ಜೀಪು ಈಗ ಓಡುತ್ತಿದೆ. ಅದರಲ್ಲಿರುವುದು ಪಕ್ಕದ ಊರಿನ ಬೆಳೆಗಾರರೊಬ್ಬರು ಡೀಸೆಲ್ ಎಂಜಿನ್ ಕೂರಿಸಿಕೊಂಡಾಗ ಅಟ್ಟದ ಮೇಲೆ ಎತ್ತಿಟ್ಟಿದ್ದ ಹಳೆಯ ಕ್ಯಾಮ್ ಶಾಫ್ಟ್. ಗ್ರೀಸು ಬಳಿದು, ಗೋಣಿತಾಟು ಸುತ್ತಿ, ಯಾವ ಗಾಡಿಯದೆಂದು ಚೀಟಿ ಕಟ್ಟಿ ಇಟ್ಟಿದ್ದರು. ಟ್ಯಾಪೆಟ್‌ಗಳು ಹೊಸವು, ಅರ ಎಳೆದು ನೋಡಿ ತಂದವು. ಹದಿನಾರು ನೋಡಿ ಎಂಟು ಆರಿಸಿದೆವು.