ವಾಯಿದೆಗೆ ಹೊರಡುವ ಮೊದಲು

ಮಗಳೇ,

ಮೊನ್ನೆ ಜಗಲಿಯ ತುದಿಯಲ್ಲಿ ಕುಳಿತು ನೀನು ಕೇಳಿದ್ದು ಒಂದೇ ಮಾತು: “ಡೈವೋರ್ಸಿಗೆ ಎಷ್ಟು ಖರ್ಚಾಗ್ತದೆ ಮಾವ?” ನಾನು ಬಾಯಿ ತೆರೆಯುವಷ್ಟರಲ್ಲಿ ಬದಿಯಡ್ಕದ ಬಸ್ಸು ಹಾರ್ನ್ ಹಾಕಿತು, ನೀನು ಎದ್ದು ಓಡಿದೆ. ಅಡಿಕೆಯ ಧಾರಣೆ, ಆಸ್ಪತ್ರೆಯ ಬಿಲ್ಲು, ಮದುವೆ ಹಾಲಿನ ಬಾಡಿಗೆ ಎಲ್ಲವನ್ನೂ ನಾವು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಕೇಳುತ್ತೇವೆ. ಇದೊಂದನ್ನು ಮಾತ್ರ ನೀನು ಒಳಗಿನವರಿಗೆ ಕೇಳಿಸದ ಹಾಗೆ ಕೇಳಿದೆ. ನಿನ್ನ ಹಾಗೆ ಕೇಳಲಿಕ್ಕೂ ಆಗದವರು ಇನ್ನೆಷ್ಟೋ ಮನೆಗಳಲ್ಲಿ ಇದ್ದಾರೆಂದು ಉತ್ತರವನ್ನು ಪತ್ರಿಕೆಗೇ ಬರೆಯುತ್ತಿದ್ದೇನೆ. ನಿನ್ನ ಹೆಸರಾಗಲಿ ಮನೆಯ ಹೆಸರಾಗಲಿ ಇದರಲ್ಲಿ ಇಲ್ಲ.

ಮೂವತ್ತೊಂದು ವರ್ಷ ನಾನು ಕಾಸರಗೋಡಿನಲ್ಲಿ ವಕೀಲರ ಗುಮಾಸ್ತನಾಗಿದ್ದೆ. ಕಾನೂನಿನಲ್ಲಿ ಕೊನೆಯ ಮಾತು ನಿನ್ನ ವಕೀಲರದ್ದೇ ಆಗಬೇಕು. ಆದರೆ ವಕೀಲರ ಕೋಣೆಯಿಂದ ಹೊರಬಂದವರು ಮೆಟ್ಟಿಲ ಬಳಿ ನಿಂತು ಕೇಳುವ ಪ್ರಶ್ನೆಗಳು ಗುಮಾಸ್ತನಿಗೇ ಬರುವುದು. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ.

ವಿಚ್ಛೇದನದ ಅರ್ಜಿಗೆ ಕಟ್ಟುವ ಕೋರ್ಟ್ ಫೀ ದೊಡ್ಡ ಮೊತ್ತವಲ್ಲ. ಅದನ್ನು ಕೇಳಿ ಸಮಾಧಾನಪಟ್ಟು ಮನೆಗೆ ಹೋದವರೇ ಆಮೇಲೆ ಹೆಚ್ಚು ಕಷ್ಟಪಟ್ಟದ್ದು. ಬೇರೆಯಾಗುವುದಕ್ಕೊಂದು ಅರ್ಜಿ, ಬಂಗಾರ ಮತ್ತು ಹಣ ವಾಪಸು ಕೇಳುವುದಕ್ಕೊಂದು, ಜೀವನಾಂಶಕ್ಕೊಂದು, ಮಗುವಿಗಾಗಿ ಇನ್ನೊಂದು, ಹೀಗೆ ಒಂದು ಮದುವೆಯಿಂದ ನಾಲ್ಕು ಕಡತ ಹುಟ್ಟುತ್ತವೆ. ಬಂಗಾರದ ಅರ್ಜಿಯ ವಿಷಯ ನಿನಗೆ ತಿಳಿದಿರಲೇಬೇಕು. ಮೊದಲು ಕೇರಳದ ಕುಟುಂಬ ನ್ಯಾಯಾಲಯಗಳಲ್ಲಿ ಎಷ್ಟೇ ಬೆಲೆಯ ಸೊತ್ತು ಕೇಳಿದರೂ 50 ರೂಪಾಯಿ ಫೀ ಇತ್ತು. 2024ರ ಬಜೆಟಿನಲ್ಲಿ ಅದನ್ನು ಬದಲಿಸಿದರು. 1 ಲಕ್ಷದವರೆಗೆ 200 ರೂಪಾಯಿ, 1 ಲಕ್ಷದಿಂದ 5 ಲಕ್ಷದವರೆಗೆ ಶೇಕಡಾ ಅರ್ಧ, 5 ಲಕ್ಷ ದಾಟಿದರೆ ಶೇಕಡಾ 1, ಹೆಚ್ಚೆಂದರೆ 2 ಲಕ್ಷ ರೂಪಾಯಿ. ತವರಿನವರು ಹಾಕಿದ ಬಂಗಾರವನ್ನು 20 ಲಕ್ಷಕ್ಕೆ ಬೆಲೆ ಕಟ್ಟಿದರೆ ಈ ಲೆಕ್ಕದಲ್ಲಿ 20,000 ರೂಪಾಯಿ ಆಯಿತು. ತನ್ನದೇ ಒಡವೆಯನ್ನು ತಾನು ಕೇಳಲು ಒಬ್ಬ ಹೆಣ್ಣು ಮೊದಲೇ ಅಷ್ಟು ಹಣ ಕಟ್ಟಬೇಕೆನ್ನುವುದು ನನಗೆ ಇವತ್ತಿಗೂ ಸರಿಯೆಂದು ಕಾಣುವುದಿಲ್ಲ. ಅರ್ಜಿ ಹಾಕುವ ದಿನದ ದರ ಏನೆಂದು ವಕೀಲರಲ್ಲಿ ಕೇಳಿ, ಅದಕ್ಕೆ ಬೇಕಾದ ದುಡ್ಡು ಬೇರೆಯೇ ತೆಗೆದಿಡು.

ವಕೀಲರ ಫೀಯನ್ನು ಮೊದಲ ಭೇಟಿಯಲ್ಲೇ ಮಾತಾಡು. ಇಡೀ ಕೇಸಿಗೆ ಒಟ್ಟು ಎಷ್ಟು, ಅಥವಾ ಪ್ರತಿ ವಾಯಿದೆಗೆ ಎಷ್ಟು? ಮಧ್ಯಂತರ ಅರ್ಜಿಗಳು ಅದರಲ್ಲೇ ಬಂದವೋ? ನೋಟೀಸಿನ ಬತ್ತ, ಟೈಪಿಂಗು, ನಕಲು ತೆಗೆಯುವ ಖರ್ಚು ಬೇರೆಯೋ? ಹೀಗೆ ಕೇಳಿದರೆ ಯಾವ ಒಳ್ಳೆಯ ವಕೀಲರಿಗೂ ಬೇಸರವಾಗುವುದಿಲ್ಲ, ನನಗೆ ಗೊತ್ತು. ಸಿಕ್ಕಿದ ಪರಿಹಾರದಲ್ಲಿ ಇಷ್ಟು ಪಾಲು ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬಾ. ಗೆದ್ದ ಹಣದಲ್ಲಿ ಪಾಲು ಮಾತಾಡಿಕೊಳ್ಳಲು ಬಾರ್ ಕೌನ್ಸಿಲಿನ ನಿಯಮವೇ ವಕೀಲರಿಗೆ ಬಿಡುವುದಿಲ್ಲ.

ಫೀ ಕೊಡುವ ತ್ರಾಣ ಇಲ್ಲದಿದ್ದರೆ? ವಿದ್ಯಾನಗರದ ಕೋರ್ಟಿನ ಆವರಣಕ್ಕೆ ಹೋಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಎಲ್ಲಿ ಎಂದು ಕೇಳು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನ ಪ್ರಕಾರ ಹೆಂಗಸು ಎಂಬ ಒಂದೇ ಕಾರಣಕ್ಕೆ ಉಚಿತ ವಕೀಲರನ್ನು ಪಡೆಯುವ ಹಕ್ಕು ನಿನಗುಂಟು, ಆದಾಯದ ಸರ್ಟಿಫಿಕೇಟು ಬೇಕಿಲ್ಲ. ಫೋನಿನಲ್ಲಾದರೆ 15100. ನಮ್ಮ ಮಧ್ಯಮ ವರ್ಗದ ಮನೆಗಳವರು ಇದು ಕಡುಬಡವರಿಗೆ ಎಂದುಕೊಂಡು ಆ ಬಾಗಿಲಿಗೆ ಹೋಗುವುದೇ ಇಲ್ಲ. ತಂದೆಯ ಮರ್ಯಾದೆಗೆ ಹೆದರಿ ತೋಟದ ಮೇಲೆ ಸಾಲ ತೆಗೆದು ಕೇಸು ನಡೆಸಿದವರನ್ನು ನಾನು ಕಂಡಿದ್ದೇನೆ. ಇದಲ್ಲದೆ ಕೇಸು ನಡೆಯುತ್ತಿರುವಾಗಲೇ ನಿನ್ನ ಖರ್ಚಿಗೂ ಕೇಸಿನ ಖರ್ಚಿಗೂ ಗಂಡನಿಂದ ಹಣ ಕೇಳಲು ಹಿಂದೂ ವಿವಾಹ ಕಾಯಿದೆಯ 24ನೆಯ ಕಲಮಿದೆ. ಸ್ವಂತ ವರಮಾನ ಸಾಲದ ಗಂಡನೂ ಹೆಂಡತಿಯಿಂದ ಹೀಗೆ ಕೇಳಬಹುದು. ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಅಫಿದಾವಿತಿನಲ್ಲಿ ಬರೆದುಕೊಡಬೇಕೆಂದು ಸುಪ್ರೀಂ ಕೋರ್ಟು 2020ರ ನವೆಂಬರ್ 4ರಂದು ಹೇಳಿತು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರಬೇಕೆಂದೂ ಹೇಳಿತು. ಅರ್ಜಿ ತಡವಾದಷ್ಟು ದಿನ ನಷ್ಟ ನಿನ್ನದೇ.

ಈಗ ಖರ್ಚು ಬೆಳೆಯುವ ಜಾಗಕ್ಕೆ ಬರುತ್ತೇನೆ. ಅದು ಕಾಲ. ಇಬ್ಬರೂ ಒಪ್ಪಿದರೆ ಹಿಂದೂ ವಿವಾಹ ಕಾಯಿದೆಯ 13ಬಿ ಕಲಮಿನಲ್ಲಿ ಅರ್ಜಿ. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿ ಆರು ತಿಂಗಳ ಮೇಲೆ, ಹದಿನೆಂಟು ತಿಂಗಳೊಳಗೆ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಕೂಡಿ ಬಾಳುವ ಸಾಧ್ಯತೆಯೇ ಇಲ್ಲದ ಕಡೆ ಆ ಆರು ತಿಂಗಳನ್ನು ನ್ಯಾಯಾಲಯ ಬಿಟ್ಟುಕೊಡಬಹುದೆಂದು 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಒಪ್ಪದೆ ಹೊಡೆದಾಡಿದರೆ ವರ್ಷಗಳಿಗೆ ಲೆಕ್ಕವಿಲ್ಲ. ಕೌನ್ಸೆಲಿಂಗು, ಆಕ್ಷೇಪಣೆ, ಸಾಕ್ಷಿ, ಪಾಟೀಸವಾಲು. ಒಂದು ದಿನ ಆತ ಬರುವುದಿಲ್ಲ, ಇನ್ನೊಂದು ದಿನ ಅವನ ವಕೀಲರು ಬರುವುದಿಲ್ಲ, ಮತ್ತೊಂದು ದಿನ ನ್ಯಾಯಾಧೀಶರು ರಜೆ. ಪ್ರತಿ ವಾಯಿದೆಗೂ ಬಸ್ಸಿನ ದುಡ್ಡು, ಮಧ್ಯಾಹ್ನದ ಊಟ, ಕೆಲಸಕ್ಕೊಂದು ರಜೆ, ಜೊತೆಗೆ ಬರುವ ಅಮ್ಮನಿಗೂ ಅದೇ. ಅಮ್ಮ ಬರುವ ದಿನ ಮನೆಯಲ್ಲಿ ದನ ಕಟ್ಟಲು ಜನ ಬೇಕು. ತೀರ್ಪಿನ ಮೇಲೆ ಅಪೀಲು ಹೋದರೆ ಹೈಕೋರ್ಟು ಇರುವುದು ಎರ್ನಾಕುಳದಲ್ಲಿ, ನಮ್ಮಿಂದ ರೈಲಿನಲ್ಲಿ ಒಂದು ರಾತ್ರಿಯ ದೂರ.

ನಮ್ಮ ಗಡಿಯ ಜನರಿಗೆ ಇನ್ನೊಂದು ಪೇಚು ಉಂಟು, ಇದನ್ನು ತಿರುವನಂತಪುರದವರಿಗೆ ವಿವರಿಸಿದರೂ ಅರ್ಥವಾಗುವುದು ಕಷ್ಟ. ನಾವು ಹೆಣ್ಣು ಕೊಡುವುದು ತರುವುದು ಪುತ್ತೂರು, ವಿಟ್ಲ, ಸುಳ್ಯ, ಮಂಗಳೂರಿಗೆ. ತಲಪಾಡಿಯ ಗೇಟು ನಮಗೆ ಗಡಿ ಅಂತ ಅನಿಸುವುದೇ ಇಲ್ಲ. ಆದರೆ ಆತ ಮಂಗಳೂರಿನ ಕುಟುಂಬ ನ್ಯಾಯಾಲಯದಲ್ಲಿ ಅರ್ಜಿ ಹಾಕಿ, ನೀನು ಕಾಸರಗೋಡಿನಲ್ಲಿ ಹಾಕಿದರೆ, ಐವತ್ತು ಕಿಲೋಮೀಟರಿನ ಎರಡು ತುದಿಯಲ್ಲಿ ಎರಡು ಹೈಕೋರ್ಟುಗಳ ಅಧಿಕಾರ. ಅವನ ಕೇಸನ್ನು ಇಲ್ಲಿಗೆ ವರ್ಗಾಯಿಸಿ ಎಂದು ಕೇಳಲು ನೀನು ದೆಹಲಿಯ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಗುತ್ತದೆ. ಅಡ್ಯನಡ್ಕದ ಆಚೆ ಈಚೆ ಇರುವ ಎರಡು ಮನೆಗಳ ಜಗಳ ದೆಹಲಿಗೆ ಹೋಗುವುದನ್ನು ನೋಡಿ ನಾನು ಎಷ್ಟೋ ರಾತ್ರಿ ನಿದ್ದೆ ಮಾಡಿರಲಿಲ್ಲ. ಅದಕ್ಕೆ ಹೇಳುತ್ತೇನೆ: ಹೆಂಡತಿಗೆ ತಾನು ವಾಸವಿರುವ ಊರಿನ ನ್ಯಾಯಾಲಯದಲ್ಲೇ ಅರ್ಜಿ ಹಾಕುವ ಹಕ್ಕನ್ನು ಹಿಂದೂ ವಿವಾಹ ಕಾಯಿದೆಯ 2003ರ ತಿದ್ದುಪಡಿ ಕೊಟ್ಟಿದೆ. ಹಾಕುವುದೇ ಎಂದು ತೀರ್ಮಾನವಾದ ಮೇಲೆ ಕಾಯುತ್ತ ಕೂರಬೇಡ.

ಭಾಷೆಯದ್ದೂ ಖರ್ಚೇ. ನಿನ್ನ ಹತ್ತಿರ ಇರುವ ಪತ್ರಗಳು, ಒಪ್ಪಂದದ ಕಾಗದ, ಲಗ್ನಪತ್ರಿಕೆ ಎಲ್ಲ ಕನ್ನಡದಲ್ಲಿ. ಅವುಗಳ ಅನುವಾದಕ್ಕೆ ದುಡ್ಡು ಕೊಡಬೇಕು. ಅದಕ್ಕಿಂತ ಮುಖ್ಯ ಮಾತೊಂದಿದೆ. ನೀನು ಮಲಯಾಳ ಮಾತಾಡುತ್ತೀ, ಬಸ್ಸಿನಲ್ಲಿ, ಅಂಗಡಿಯಲ್ಲಿ ತೊಂದರೆಯಿಲ್ಲ. ಆದರೆ ರಾಜಿಪತ್ರದ ಮಲಯಾಳ ಅಥವಾ ಇಂಗ್ಲಿಷು ಅಂಗಡಿಯ ಭಾಷೆಯಲ್ಲ. “ಮುಂದೆ ಯಾವ ಹಕ್ಕನ್ನೂ ಕೇಳುವುದಿಲ್ಲ” ಎಂಬ ಒಂದು ಸಾಲು ಅದರೊಳಗೆ ಇದ್ದುದು ತಿಳಿಯದೆ ಸಹಿ ಹಾಕಿ, ವರ್ಷ ಕಳೆದ ಮೇಲೆ ನಮ್ಮ ಕಚೇರಿಯ ಬೆಂಚಿನಲ್ಲಿ ಅತ್ತವರಿದ್ದಾರೆ. ಕನ್ನಡದಲ್ಲಿ ಸಾಲು ಸಾಲು ವಿವರಿಸಿಕೊಂಡ ಮೇಲೆಯೇ ಪೆನ್ನು ಹಿಡಿ. ಮಗುವಿನ ಜೀವನಾಂಶದ ಹಕ್ಕನ್ನು ನೀನು ಬರೆದುಕೊಟ್ಟರೂ ಅದು ಹೋಗುವುದಿಲ್ಲ, ಅದು ಮಗುವಿನದು.

ಬಂಗಾರಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ನಮ್ಮ ಕಡೆ ಹೆಚ್ಚಿನ ಕೇಸುಗಳು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ಕೇರಳದ್ದೇ ಒಂದು ಪ್ರಕರಣ ಕೇಳು. 2003ರಲ್ಲಿ ಮದುವೆ, 89 ಪವನು ಬಂಗಾರ. ಮೊದಲ ರಾತ್ರಿಯೇ ಭದ್ರವಾಗಿರಲಿ ಎಂದು ಗಂಡ ಒಡವೆ ತೆಗೆದುಕೊಂಡು ತಾಯಿಯ ಕೈಗೆ ಕೊಟ್ಟ ಎಂಬುದು ಆಕೆಯ ದೂರು. 2011ರಲ್ಲಿ ಕುಟುಂಬ ನ್ಯಾಯಾಲಯ ಆಕೆಯ ಪರ ಹೇಳಿತು, 2022ರಲ್ಲಿ ಹೈಕೋರ್ಟು ಅದನ್ನು ತಿರುಗಿಸಿತು, 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಸ್ತ್ರೀಧನ ಪೂರ್ತಿ ಹೆಂಡತಿಯದೇ, ಗಂಡನಿಗೆ ಅದರಲ್ಲಿ ಅಧಿಕಾರವಿಲ್ಲ ಎಂದು ಹೇಳಿ 25 ಲಕ್ಷ ರೂಪಾಯಿ ಕೊಡಿಸಿತು. ಮದುವೆಯಾಗಿ ಇಪ್ಪತ್ತೊಂದು ವರ್ಷ. 89 ಪವನು ಎಂದರೆ 712 ಗ್ರಾಂ. ಈ ನಡುವೆ ಬಂಗಾರದ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ನಿನಗೇ ಗೊತ್ತು. ಆಕೆ ಗೆದ್ದಳು, ಆದರೆ ಅಷ್ಟೇ ತೂಕದ ಬಂಗಾರ ಆ ಹಣಕ್ಕೆ ಬರಲಿಲ್ಲ.

ವರನಿಗೂ ವಧುವಿಗೂ ಕೊಟ್ಟ ಉಡುಗೊರೆಗಳ ಪಟ್ಟಿ ಬರೆದು ಸಹಿ ಹಾಕಿಡಬೇಕೆಂದು 1985ರಿಂದಲೇ ನಿಯಮ ಉಂಟು. ನನ್ನ ಇಡೀ ವೃತ್ತಿಯಲ್ಲಿ ಹಾಗೆ ಬರೆದಿಟ್ಟ ಒಂದು ಪಟ್ಟಿಯನ್ನೂ ನಾನು ನೋಡಲಿಲ್ಲ. ಬೀಗರ ಎದುರು ಪಟ್ಟಿ ಬರೆಯುವುದು ಅಪಶಕುನ ಎಂದು ಹಿರಿಯರು ಬಿಟ್ಟರು, ಅದರ ಬೆಲೆಯನ್ನು ಹೆಣ್ಣುಮಕ್ಕಳು ಕೊಟ್ಟರು. ಸೇವಾ ಸಹಕಾರಿ ಬ್ಯಾಂಕಿನಲ್ಲಿ ನಿನ್ನ ಬಳೆ ಅತ್ತೆಯ ಹೆಸರಿನಲ್ಲಿ ಅಡವಿಟ್ಟಿದ್ದರೆ ಆ ರಸೀದಿಯ ಫೋಟೋ ಆದರೂ ಬೇಕು. ಗಂಡನ ಮನೆ ಸಾಲಕ್ಕೆ ನೀನೂ ಸಹಿ ಹಾಕಿದ್ದರೆ ನೆನಪಿಡು, ವಿಚ್ಛೇದನದ ಡಿಕ್ರಿ ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಕಂತು ತಪ್ಪಿದರೆ ನೋಟೀಸು ನಿನ್ನ ತವರಿಗೂ ಬರುತ್ತದೆ. ರಾಜಿ ಮಾಡುವುದಾದರೆ ಸಾಲದಿಂದ ನಿನ್ನ ಹೆಸರು ತೆಗೆಸುವುದನ್ನು ಮೊದಲ ಷರತ್ತಾಗಿ ಬರೆಸು. ತಿಂಗಳ ಜೀವನಾಂಶಕ್ಕೆ ಆದೇಶವಾದರೆ ಬಾಕಿಯನ್ನು ಬೆಳೆಯಲು ಬಿಡಬೇಡ. ಕ್ರಿಮಿನಲ್ ಪ್ರಕ್ರಿಯಾ ಕಾನೂನಿನಡಿ ಆದ ಜೀವನಾಂಶದ ಆದೇಶವಾದರೆ ಬಾಕಿ ವಸೂಲಿಯ ವಾರಂಟಿಗೆ ಒಂದು ವರ್ಷದೊಳಗೆ ಅರ್ಜಿ ಹೋಗಬೇಕು.

ಇಷ್ಟೆಲ್ಲ ಓದಿ ಬೇಡಪ್ಪ ಈ ಉಸಾಬರಿ ಎಂದು ನಿನಗೆ ಅನಿಸಬಹುದು. ಅದಕ್ಕೆ ನನ್ನ ಅಕ್ಕನ ಕಥೆ ಹೇಳಬೇಕು.

1978ರಲ್ಲಿ ಅಕ್ಕ ಒಂದು ಟ್ರಂಕಿನೊಂದಿಗೆ ಮನೆಗೆ ಬಂದಳು. ಏನಾಯಿತೆಂದು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಎರಡೂ ಕಡೆಯ ಹಿರಿಯರು ಕುಳಿತು, ಛಾಪಾಕಾಗದದಲ್ಲಿ ನಾಲ್ಕು ಸಾಲು ಬರೆದು, “ಸಂಬಂಧ ಕಡಿದುಕೊಂಡಿದ್ದೇವೆ” ಎಂದು ಸಹಿ ಹಾಕಿಸಿದರು. ಖರ್ಚು ಆ ಕಾಗದದ ಬೆಲೆ ಮತ್ತು ಒಂದು ಹೊತ್ತಿನ ಕಾಫಿ. ಕೋರ್ಟು ಮೆಟ್ಟಿಲು ಹತ್ತದೆ ಮರ್ಯಾದೆ ಉಳಿಯಿತೆಂದು ಅಪ್ಪ ಸಂತೋಷಪಟ್ಟರು. ಆ ಕಾಗದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದು ನನಗೆ ತಿಳಿದದ್ದು ಗುಮಾಸ್ತಿಕೆಗೆ ಸೇರಿದ ಮೇಲೆ. ಜಾತಿಯಲ್ಲಿ ಅಂಥ ರೂಢಿ ಇತ್ತೆಂದು ಸಾಬೀತಾದರೆ ಮಾತ್ರ ಅದು ನಿಲ್ಲುತ್ತದೆ, ನಮ್ಮಲ್ಲಿ ಅಂಥ ರೂಢಿ ಇರಲಿಲ್ಲ. ಆತ ಬೇರೆ ಮದುವೆಯಾದ. ಅಕ್ಕನಿಗೆ ಒಂದೆರಡು ಸಂಬಂಧ ಬಂದವು, ಕಾಗದ ಕೇಳಿದರು, ಹಿಂದೆ ಹೋದರು. ನಾನು ಹೇಳಿದೆ, ಈಗಲಾದರೂ ಅರ್ಜಿ ಹಾಕೋಣ ಅಕ್ಕಾ ಎಂದು. ಇನ್ನು ಎಂತದಕ್ಕೆ ಎಂದಳು. ನಾನೂ ಒತ್ತಾಯಿಸಲಿಲ್ಲ. ಅದು ನನ್ನ ತಪ್ಪು. ಮತದಾರರ ಪಟ್ಟಿ ಬಂದಾಗಲೆಲ್ಲ ಅವಳ ಸಾಲಿನಲ್ಲಿ ಗಂಡನ ಹೆಸರಿನ ಜಾಗದಲ್ಲಿ ಅದೇ ಹೆಸರು ಅಚ್ಚಾಗಿರುತ್ತಿತ್ತು. ಅವಳು ತೀರಿಹೋಗುವವರೆಗೆ, ನಲವತ್ತು ವರ್ಷ.

ಅವಳಿಗೆ ಹಕ್ಕು ಇರಲಿಲ್ಲವೇ? ಇತ್ತು. 1956ರ ನವೆಂಬರ್ 1ರವರೆಗೆ ನಾವು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡದವರು. ಆ ಮದ್ರಾಸು 1949ರಲ್ಲೇ ಹಿಂದೂಗಳಿಗೆ ವಿಚ್ಛೇದನದ ಕಾಯಿದೆ ಮಾಡಿತ್ತು, ದೇಶಕ್ಕೆಲ್ಲ ಹಿಂದೂ ವಿವಾಹ ಕಾಯಿದೆ ಬರುವ ಆರು ವರ್ಷ ಮೊದಲು. ದೇಶದ ಹಿಂದೂ ಸಂಹಿತೆಯ ಕರಡಿಗಾಗಿ ಊರೂರು ತಿರುಗಿ ಅಭಿಪ್ರಾಯ ಕೇಳಿದ ಸಮಿತಿಯ ಅಧ್ಯಕ್ಷರು ನಮ್ಮ ಕರಾವಳಿಯವರೇ ಆದ ಬೆನಗಲ್ ನರಸಿಂಗ ರಾಯರು. ಆ ಮಸೂದೆ ಮುಂದೆ ಹೋಗದ ನೋವಿನಲ್ಲಿ ಅಂಬೇಡ್ಕರರು 1951ರಲ್ಲಿ ಮಂತ್ರಿ ಪದವಿ ಬಿಟ್ಟರು. ಇಷ್ಟು ಜನ ಕಷ್ಟಪಟ್ಟು ತಂದ ಹಕ್ಕು ಅಕ್ಕನ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ನಾವು ಮನೆಯವರು ಒಂದು ಕಾಫಿಯ ಖರ್ಚಿನಲ್ಲಿ ಮುಗಿಸಿದೆವು.

ನೀನು ಬಿಡಬೇಕೋ ಬಾಳಬೇಕೋ ಎಂದು ನಾನು ಹೇಳುವುದಿಲ್ಲ. ಕೌನ್ಸೆಲಿಂಗಿಗೆ ಕರೆದರೆ ಮನಸ್ಸು ತೆರೆದು ಹೋಗು, ಹೊಂದಿಕೊಂಡು ಮನೆಗೆ ಹಿಂದಿರುಗಿದವರನ್ನೂ ನಾನು ಕಂಡಿದ್ದೇನೆ. ಕೈ ಎತ್ತುವವನಾದರೆ ಆ ಮಾತು ಬೇರೆ, ಆಗ 2005ರ ಕೌಟುಂಬಿಕ ಹಿಂಸೆ ಕಾಯಿದೆಯ ಸಂರಕ್ಷಣಾಧಿಕಾರಿಯ ಹತ್ತಿರ ಮೊದಲು ಹೋಗಬೇಕು, ಉಳಿದದ್ದೆಲ್ಲ ಆಮೇಲೆ.

ಮುಂದಿನ ಭಾನುವಾರ ಬಾ, ಮಧ್ಯಾಹ್ನ ಊಟಕ್ಕೇ ಬಾ. ಮದುವೆಯ ಸರ್ಟಿಫಿಕೇಟು, ಒಡವೆ ಅಂಗಡಿಯ ಬಿಲ್ಲು, ಪಾಸ್‌ಬುಕ್ಕು, ಸಾಲದ ಕಾಗದ ಸಿಕ್ಕಿದಷ್ಟು ತಾ. ಸರ್ಟಿಫಿಕೇಟು ಮಾಡಿಸಿಯೇ ಇಲ್ಲವಾದರೆ ಮದುವೆ ನಡೆದ ಊರಿನಲ್ಲಿ ಮೊದಲು ಅದನ್ನು ಮಾಡಿಸೋಣ. ಒಂದು ನೂರು ಪುಟದ ನೋಟುಪುಸ್ತಕ ತಂದರೆ ಎಡಬದಿಯಲ್ಲಿ ಖರ್ಚು, ಬಲಬದಿಯಲ್ಲಿ ವಾಯಿದೆಯ ತಾರೀಕು ಬರೆಯುವುದು ಹೇಗೆಂದು ತೋರಿಸುತ್ತೇನೆ. ಮದುವೆಯ ಆಲ್ಬಂ ಅಟ್ಟದ ಮೇಲಿದೆ ಎಂದೆಯಲ್ಲ, ಅದನ್ನು ಇವತ್ತೇ ಕೆಳಗಿಳಿಸಲು ಅಮ್ಮನಿಗೆ ಹೇಳು. ನಿನ್ನ ಕುತ್ತಿಗೆಯಲ್ಲಿ, ಕೈಯಲ್ಲಿ ಏನೇನಿತ್ತೆಂದು ಕಾಣುವ ಸಾಕ್ಷಿ ಅದೊಂದೇ, ಮಳೆ ಹಿಡಿದರೆ ಫೋಟೋಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ನಿನ್ನ ಮಾವ